ಬಿಸಲು ದೇವರದು, ಲೆಕ್ಕ ಯಾರದು?

“ರೊಕ್ಕ ನಂದು, ಮಾಳಿಗಿ ನಂದು, ಬಿಸಲು ದೇವರದು. ನಡುವ ಇವರಿಗೆ ಯಾಕ ಲೆಕ್ಕ ಕೊಡಬೇಕ್ರಿ?” ಶಹಾಪುರ, ಸುರಪುರ ಕಡೆಯ ಓದುಗರು ಮಾಳಿಗೆ ಸೋಲಾರ್ ಬಗ್ಗೆ ಮಾತೆತ್ತಿದಾಗಲೆಲ್ಲ ತಿರುಗಿ ಮುರುಗಿ ಇದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ದೋರನಹಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ಕೇಳಿದ ಧಾಟಿಯಲ್ಲೇ ಅದನ್ನು ಇಲ್ಲಿ ಇಟ್ಟಿದ್ದೇನೆ. ಹಾಕಿಸಿಕೊಳ್ಳಲೇಬೇಕು ಎಂದು ಯಾರೂ ಬಲವಂತ ಮಾಡಿಲ್ಲ. ಮನಸ್ಸಿದ್ದವರು ಸೇರಿಕೊಳ್ಳುವ ಯೋಜನೆ. ಹಾಗಿದ್ದ ಮೇಲೆ ಆಧಾರ್, ಆರ್.ಆರ್. ನಂಬರ್, ಬ್ಯಾಂಕ್ ಪಾಸ್‌ಬುಕ್, ಮಾಳಿಗೆಯ ಫೋಟೊ, ಪ್ಯಾನೆಲ್ ಹಿಂಬದಿಯ ಸೀರಿಯಲ್ ನಂಬರ್, ಮೀಟರ್ ರೀಡಿಂಗ್ ಎಂದು ಒಂದರ ಹಿಂದೊಂದು ಕೇಳುವುದು ಯಾಕೆ ಎನ್ನುವುದು ಅವರ ತಕರಾರು.

ತಕರಾರಿನಲ್ಲಿ ನ್ಯಾಯವಿದೆ. ಆದರೆ ಈ ಕಾಗದಪತ್ರದ ಬೆನ್ನು ಹತ್ತಿ ನೋಡಿದ ಮೇಲೆ ನನಗೆ ಅನಿಸಿದ್ದು ಬೇರೆ. ಸರ್ಕಾರ ಕೇಳುವುದರಲ್ಲಿ ಬಹುಪಾಲು ಬೇಕಾದದ್ದೇ. ಕೇಳಲೇಬೇಕಾದ ಒಂದು ಮುಖ್ಯ ಲೆಕ್ಕವನ್ನು ಮಾತ್ರ ಅದು ಗಟ್ಟಿಯಾಗಿ ಕೇಳುತ್ತಿಲ್ಲ. ಕೇಳಿ ಪಡೆದದ್ದನ್ನು ಊರಿಗೆ ತಿರುಗಿ ಹೇಳುತ್ತಲೂ ಇಲ್ಲ. ಜಗಳ ಆಡುವುದಿದ್ದರೆ ಆಡಬೇಕಾದದ್ದು ಅಲ್ಲಿ.

ಮೊದಲು ಯೋಜನೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಪಿಎಂ ಸೂರ್ಯ ಘರ್ ಮುಫ್ತ್ ಬಿಜಲಿ ಯೋಜನೆ 2024ರ ಫೆಬ್ರುವರಿಯಲ್ಲಿ ಶುರುವಾಯಿತು. ಒಟ್ಟು ವೆಚ್ಚ 75,021 ಕೋಟಿ ರೂಪಾಯಿ, ಗುರಿ ಒಂದು ಕೋಟಿ ಮನೆ. ಎರಡು ಕಿಲೋವಾಟ್‌ವರೆಗೆ ಕಿಲೋವಾಟಿಗೆ 30,000 ರೂಪಾಯಿ, ಮೂರನೆಯ ಕಿಲೋವಾಟಿಗೆ 18,000 ರೂಪಾಯಿ ಕೇಂದ್ರದ ಸಬ್ಸಿಡಿ. ಮನೆಯೊಂದಕ್ಕೆ ಹೆಚ್ಚೆಂದರೆ 78,000. ಅಂದರೆ “ರೊಕ್ಕ ನಂದು” ಎನ್ನುವ ಮಾತು ಪೂರ್ತಿ ನಿಜವಲ್ಲ. ಅದರಲ್ಲೊಂದು ಪಾಲು ಊರವರೆಲ್ಲರ ರೊಕ್ಕ. ಊರವರ ರೊಕ್ಕ ಮುಟ್ಟಿದ ಮೇಲೆ ಲೆಕ್ಕ ಕೊಡಬೇಕಾಗುತ್ತದೆ. ಸೇರುವುದು ಬಿಡುವುದು ನಮ್ಮ ಇಚ್ಛೆ, ಸೇರಿದ ಮೇಲಿನ ಲೆಕ್ಕ ನಮ್ಮ ಇಚ್ಛೆಯಲ್ಲ.

ಇನ್ನು ಕಾಗದಗಳು. ಪೋರ್ಟಲ್‌ನಲ್ಲಿ ರಾಜ್ಯ, ವಿದ್ಯುತ್ ಕಂಪನಿ, ಗ್ರಾಹಕ ಸಂಖ್ಯೆ ಹಾಕಿ ಹೆಸರು ನೋಂದಾಯಿಸುವುದು ಮೊದಲ ಹಂತ. ನಮ್ಮ ಕಡೆ ಕಂಪನಿ ಎಂದರೆ ಕಲಬುರಗಿಯ ಜೆಸ್ಕಾಂ. 2024ರ ಫೆಬ್ರುವರಿಯಲ್ಲಿ ಕೇಂದ್ರ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದ ಪ್ರಕಾರ 10 ಕಿಲೋವಾಟ್‌ವರೆಗಿನ ಅರ್ಜಿಗೆ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಇಲ್ಲ, ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ಆಮೇಲೆ ನೋಂದಾಯಿತ ವೆಂಡರ್ ಬಂದು ಪ್ಯಾನೆಲ್ ಕೂರಿಸುತ್ತಾನೆ, ಕೆಲಸ ಮುಗಿದ ವರದಿಯನ್ನು ಫೋಟೊ ಸಮೇತ ಹಾಕುತ್ತಾನೆ. ಕಂಪನಿಯವರು ಬಂದು ನೋಡಿ ನೆಟ್ ಮೀಟರ್ ಹಾಕಿ ಚಾಲೂ ಮಾಡಿಕೊಡಬೇಕು. ಅದಕ್ಕೆ ಮೊದಲಿದ್ದ 30 ದಿನದ ಗಡುವನ್ನು ಅದೇ ತಿದ್ದುಪಡಿ 15ಕ್ಕೆ ಇಳಿಸಿದೆ. ಕೊನೆಗೆ ಬ್ಯಾಂಕ್ ಖಾತೆಯ ವಿವರ ಕೊಟ್ಟರೆ ಸಬ್ಸಿಡಿ ಜಮಾ ಆಗುತ್ತದೆ.

ಇದರಲ್ಲಿ ಯಾವ ಕಾಗದ ಯಾಕೆ ಎನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಸೀರಿಯಲ್ ನಂಬರ್ ಕೇಳುವುದು ಸಬ್ಸಿಡಿ ಇರುವುದು ಭಾರತದಲ್ಲಿ ತಯಾರಾದ ಪ್ಯಾನೆಲ್‌ಗಳಿಗೆ ಮಾತ್ರ ಎಂಬ ಕಾರಣಕ್ಕೆ. ಒಳಗಿನ ಸೆಲ್ ಸಹ ಇಲ್ಲಿನದೇ ಆಗಿರಬೇಕು. ಫೋಟೊದಲ್ಲಿ ಸ್ಥಳದ ಗುರುತು ಬರಬೇಕೆನ್ನುವುದು ಒಂದೇ ಮಾಳಿಗೆಯನ್ನು ನಾಲ್ಕು ಅರ್ಜಿಗೆ ತೋರಿಸಬಾರದು ಎಂದು. ಆರ್.ಆರ್. ನಂಬರ್ ಕೇಳುವುದು ಒಂದು ಸಂಪರ್ಕಕ್ಕೆ ಒಂದೇ ಸಬ್ಸಿಡಿ ಎಂದು. ಕಾರಣ ಹೇಳಿ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವಂಥದ್ದಲ್ಲ ಇದು. ಕಾರಣ ಹೇಳದೆ ಕೇಳಿದಾಗ ಮಾತ್ರ ಜನಕ್ಕೆ ಅನುಮಾನ ಹುಟ್ಟುತ್ತದೆ, “ನಾಳೆ ಇದರ ಮ್ಯಾಲ ಟ್ಯಾಕ್ಸ್ ಹಾಕ್ತಾರೇನ್ರಿ?” ಎನ್ನುವಲ್ಲಿಗೆ ಮಾತು ಹೋಗುತ್ತದೆ.

ನಮ್ಮ ಭಾಗದಲ್ಲಿ ಕೆಲಸ ಕೆಡುವುದು ಬಹುಮಟ್ಟಿಗೆ ಹೆಸರಿನಲ್ಲಿ. ಕರೆಂಟ್ ಬಿಲ್ಲು ತೀರಿಹೋದ ಅಜ್ಜನ ಹೆಸರಿನಲ್ಲಿ ಬರುತ್ತಿರುತ್ತದೆ, ಮನೆ ಈ-ಸ್ವತ್ತಿನಲ್ಲಿ ಅಪ್ಪನ ಹೆಸರಿಗೆ ಇರುತ್ತದೆ, ಬ್ಯಾಂಕ್ ಸಾಲ ತೆಗೆಯುವವನು ಮಗ. ಆಧಾರ್‌ನಲ್ಲಿ ಅಡ್ಡಹೆಸರು ಮೊದಲಿದ್ದರೆ ಪಾಸ್‌ಬುಕ್‌ನಲ್ಲಿ ಕೊನೆಗೆ. ಮನೆ ಮಂದಿಗೆ ಇದೆಲ್ಲ ಒಂದೇ ಮನೆ, ಕಂಪ್ಯೂಟರಿಗೆ ಮೂವರು ಬೇರೆ ಬೇರೆ ಮನುಷ್ಯರು. ಪ್ಯಾನೆಲ್ ಕೂರಿಸಿದ ಮೇಲೆ ಈ ತೊಡಕು ಬಿಡಿಸುತ್ತ ಕೂತರೆ ಸಬ್ಸಿಡಿ ನಿಂತು ಸಾಲದ ಕಂತು ಮಾತ್ರ ಓಡುತ್ತದೆ. ಅದಕ್ಕೇ ಕೇಳಿದವರಿಗೆಲ್ಲ ನಾನು ಹೇಳುವುದು: ವೆಂಡರ್‌ಗೆ ಮುಂಗಡ ಕೊಡುವ ಮೊದಲು ಪಂಚಾಯ್ತಿಗೂ ಜೆಸ್ಕಾಂ ಸೆಕ್ಷನ್ ಆಫೀಸಿಗೂ ಹೋಗಿ ಹೆಸರು ಸರಿ ಮಾಡಿಸಿಕೊಳ್ಳಿ, ಆಮೇಲೆ ಉಳಿದದ್ದು.

ಇಷ್ಟು ಹಣದ ಲೆಕ್ಕ. ಕರೆಂಟಿನ ಲೆಕ್ಕ ಇನ್ನೂ ಶುರುವಾಗಿಲ್ಲ. ಅದನ್ನು ತಿಳಿಯಬೇಕೆಂದರೆ ಮಾಳಿಗೆಗೆ ಹತ್ತಬೇಕು. ಆ ಹತ್ತಿ ವ್ಯಾಪಾರಿಗಳ ಮನೆಗೆ ಹೋದಾಗ ಅವರು ಚಹಾ ತರಿಸಿ ಕೂತರು, ನನ್ನನ್ನು ಮೇಲೆ ಕರೆದೊಯ್ದದ್ದು ಪಿಯುಸಿ ಓದುವ ಮಗಳು. ಹತ್ತಿ ಸುಗ್ಗಿಯ ದಿನ. ನಾಲ್ಕು ಪ್ಯಾನೆಲ್, ಒಟ್ಟು ಎರಡು ಕಿಲೋವಾಟ್. ಗಾಜಿನ ಮೇಲೆ ಬೆರಳಿಟ್ಟು ಎಳೆದರೆ ಗೆರೆ ಮೂಡುವಷ್ಟು ಧೂಳು, ಕೆಳಗಿನ ಅಂಚಿಗೆ ಹತ್ತಿಯ ಎಳೆ ಸಿಕ್ಕಿಕೊಂಡಿತ್ತು. ಮೆಟ್ಟಿಲ ಪಕ್ಕದ ಗೋಡೆಗೆ ಇನ್ವರ್ಟರ್. ಅದರ ಪುಟ್ಟ ಪರದೆಯಲ್ಲಿ ಇವತ್ತು ಎಷ್ಟು ಯೂನಿಟ್, ಶುರುವಿನಿಂದ ಎಷ್ಟು ಯೂನಿಟ್ ಎಂದು ಎರಡು ಅಂಕಿ. ಕೆಳಗೆ ಹೊಸ್ತಿಲ ಹೊರಗೆ ನೆಟ್ ಮೀಟರ್, ಅದರಲ್ಲಿ ಒಂದಾದ ಮೇಲೊಂದು ಅಂಕಿ ಸರಿಯುತ್ತಿರುತ್ತದೆ: ಹೊರಗಿನಿಂದ ಮನೆಗೆ ಬಂದದ್ದು, ಮನೆಯಿಂದ ಹೊರಗೆ ಹೋದದ್ದು.

“ಸರ್, ಬಿಲ್ಲಿನಾಗ ಇರೋದಕ್ಕೂ ಇನ್ವರ್ಟರ್‌ನಾಗ ಇರೋದಕ್ಕೂ ತಾಳಾನೇ ಇಲ್ಲ. ಅಪ್ಪಾರು ಮೀಟರ್ ಕೆಟ್ಟದ ಅಂತಾರ,” ಎಂದಳು ಹುಡುಗಿ. ಮೀಟರ್ ಕೆಟ್ಟಿರಲಿಲ್ಲ. ಎರಡೂ ಯಂತ್ರ ಅಳೆಯುವುದು ಬೇರೆ ಬೇರೆಯದನ್ನು. ಹಗಲು ಪ್ಯಾನೆಲ್ ಕರೆಂಟ್ ಮಾಡುವಾಗಲೇ ಮನೆಯ ಫ್ರಿಜ್ಜು, ಫ್ಯಾನು, ಮೋಟಾರು ಅದನ್ನು ಎಳೆದುಕೊಂಡುಬಿಡುತ್ತವೆ. ಮಿಕ್ಕಿದ್ದು ಮಾತ್ರ ಮೀಟರ್ ದಾಟಿ ಹೊರಗೆ ಹೋಗುತ್ತದೆ. ಮನೆಯಲ್ಲೇ ಖರ್ಚಾದ ಕರೆಂಟಿನ ಸುಳಿವು ನೆಟ್ ಮೀಟರಿಗೆ ಇರುವುದೇ ಇಲ್ಲ.

ಒಂದು ಉದಾಹರಣೆ ಹಾಕಿ ನೋಡೋಣ. ಎರಡು ಕಿಲೋವಾಟಿನ ಪ್ಯಾನೆಲ್ ತಿಂಗಳಲ್ಲಿ 240 ಯೂನಿಟ್ ಉತ್ಪಾದಿಸಿತು ಎನ್ನಿ. ಮೀಟರ್ ಪ್ರಕಾರ ಹೊರಗೆ ಹೋದದ್ದು 150, ಹೊರಗಿನಿಂದ ಬಂದದ್ದು 110. ಬಿಲ್ಲಿನಲ್ಲಿ ಕಾಣುವುದು ಈ ಎರಡೇ, 40 ಯೂನಿಟ್ ನಿಮ್ಮ ಕಡೆ ಹೆಚ್ಚುವರಿ. ಆದರೆ ಮನೆ ನೇರವಾಗಿ ಬಳಸಿದ ಸೋಲಾರ್ ಕರೆಂಟು 240ರಲ್ಲಿ 150 ಕಳೆದರೆ 90. ಅದಕ್ಕೆ ಹೊರಗಿನ 110 ಸೇರಿಸಿದರೆ ಮನೆಯ ನಿಜವಾದ ಖರ್ಚು 200 ಯೂನಿಟ್. ಈ 90 ಮತ್ತು 200 ಎರಡೂ ಯಾವ ಬಿಲ್ಲಿನಲ್ಲೂ ಅಚ್ಚಾಗುವುದಿಲ್ಲ. ಕೆಲವು ಕಡೆ ಉತ್ಪಾದನೆಗೆಂದೇ ಇನ್ನೊಂದು ಮೀಟರ್ ಇರುತ್ತದೆ. ಇಲ್ಲದ ಮನೆಯಲ್ಲಿ ಇನ್ವರ್ಟರ್ ಒಂದೇ ಸಾಕ್ಷಿ. ಹುಡುಗಿ ತಮ್ಮ ಮನೆಯ ಅಂಕಿಯನ್ನೂ ಹೀಗೇ ಕೂಡಿ ಕಳೆದು ನೋಡಿ, “ಹಂಗಂದ್ರ ನಾವು ಮೊದಲಿಗಿಂತ ಹೆಚ್ಚು ಕರೆಂಟ್ ಸುಡಾಕತ್ತೀವಲ್ಲ ಸರ್?” ಎಂದು ನಕ್ಕಳು. ಅದೂ ನಿಜವೇ. ಲೆಕ್ಕ ಇಟ್ಟವರಿಗಷ್ಟೇ ಅದು ಗೊತ್ತಾಗುತ್ತದೆ.

ಹಾಗಾದರೆ ದೇಶದ ಲೆಕ್ಕ ಹೇಗೆ ನಡೆಯುತ್ತದೆ? ಕೇಂದ್ರ ಇಂಧನ ಸಚಿವಾಲಯ 2023ರ ಅಕ್ಟೋಬರ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಿತು. ವಿದ್ಯುತ್ ಕಂಪನಿಗಳು ಹಂಚುವ ಕರೆಂಟಿನಲ್ಲಿ ಇಂತಿಷ್ಟು ಪಾಲು ನವೀಕರಿಸಬಹುದಾದ ಮೂಲದಿಂದ ಬಂದಿರಬೇಕು: 2024-25ರಲ್ಲಿ ಶೇ 29.91, ಏರುತ್ತ ಏರುತ್ತ 2029-30ಕ್ಕೆ ಶೇ 43.33. ಅದರೊಳಗೆ ಮಾಳಿಗೆ ಸೋಲಾರಿನಂಥ ಚಿಕ್ಕ, ಚದುರಿದ ಘಟಕಗಳಿಗೆಂದೇ ಬೇರೆ ಪಾಲು ಇಟ್ಟಿದೆ. ಅದು 2024-25ರಲ್ಲಿ ಶೇ 1.5, 2029-30ಕ್ಕೆ ಶೇ 4.5. ನಿಮ್ಮ ಮಾಳಿಗೆಯ ಕರೆಂಟು ಕಂಪನಿಯ ಈ ಗುರಿಗೆ ಜಮಾ ಆಗುತ್ತದೆ. ನೀವು ಸ್ವಂತ ಇಚ್ಛೆಯಿಂದ ಹಾಕಿಸಿಕೊಂಡದ್ದು ಕಂಪನಿಯ ಕಡ್ಡಾಯವನ್ನು ತೀರಿಸುತ್ತದೆ ಎಂದಾಯಿತು.

ಅದೇ ಅಧಿಸೂಚನೆಯಲ್ಲಿ ಒಂದು ಸಾಲು ಇದೆ, ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಅದೇ. ಇಂಥ ಘಟಕಗಳು ನಿಜಕ್ಕೂ ಎಷ್ಟು ಕರೆಂಟ್ ಮಾಡಿದವು ಎಂಬ ಅಂಕಿ ಕೊಡಲಾಗದಿದ್ದರೆ, ಕಿಲೋವಾಟಿಗೆ ದಿನಕ್ಕೆ 3.5 ಯೂನಿಟ್‌ನಂತೆ ಗುಣಿಸಿ ಲೆಕ್ಕ ಹಿಡಿಯಬಹುದು. ದೋರನಹಳ್ಳಿಯ ಆ ಎರಡು ಕಿಲೋವಾಟಿಗೆ ವರ್ಷಕ್ಕೆ 2,555 ಯೂನಿಟ್. ಧೂಳು ಒರೆಸಿ ಚೊಕ್ಕಟವಾಗಿಟ್ಟ ಮನೆ ನಮ್ಮ ಬಿಸಿಲಿಗೆ ಇದನ್ನು ಮೀರಬಹುದು. ಇನ್ವರ್ಟರ್ ಸುಟ್ಟು ಆರು ತಿಂಗಳಿಂದ ನಿಂತ ಮನೆಗೂ ಕಾಗದದ ಮೇಲೆ 2,555. ಎಷ್ಟು ಎಕರೆ ತೊಗರಿ ಬಿತ್ತಿದಿರಿ ಎಂದು ಬರೆದುಕೊಂಡು ಹೋದವರು ರಾಶಿಯಾದ ಮೇಲೆ ಎಷ್ಟು ಚೀಲ ಬಂತು ಎಂದು ಕೇಳಲು ಬಾರದೆ, ಕಚೇರಿಯಲ್ಲೇ ಕೂತು ಎಕರೆಗೆ ಇಷ್ಟು ಎಂದು ಗುಣಿಸಿದ ಹಾಗೆ.

ಅಂಕಿ ಅಲ್ಲಿಗೆ ನಿಲ್ಲುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ನಮ್ಮ ಗ್ರಿಡ್‌ನ ಒಂದು ಯೂನಿಟ್ ಕರೆಂಟಿಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ ಎಂಬ ಅಂಕಿಯನ್ನು ಆಗಾಗ ಪ್ರಕಟಿಸುತ್ತದೆ. ಅದು ಸುಮಾರು 0.7 ಕಿಲೋ. ಹಾಗೆ ನೋಡಿದರೆ ಆ ಮನೆ ವರ್ಷಕ್ಕೆ ಹತ್ತಿರ ಹತ್ತಿರ 1.8 ಟನ್ ಉಳಿಸಿತು ಎನ್ನಬಹುದು. ಯೋಜನೆ ಪ್ರಕಟಿಸುವಾಗ ಸರ್ಕಾರ ಹೇಳಿದ್ದು, ಒಂದು ಕೋಟಿ ಮನೆಗಳಿಂದ 30 ಗಿಗಾವಾಟ್ ಸಾಮರ್ಥ್ಯ ಸೇರುತ್ತದೆ, 25 ವರ್ಷದಲ್ಲಿ 1,000 ಶತಕೋಟಿ ಯೂನಿಟ್ ಕರೆಂಟ್ ಹುಟ್ಟುತ್ತದೆ, 72 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ತಪ್ಪುತ್ತದೆ ಎಂದು. ಹೇಳಿಕೊಳ್ಳಲು ಹೆಮ್ಮೆಯ ಮಾತು. ಆದರೆ ಇವೆಲ್ಲ ಮುಂಗಡ ಅಂದಾಜು. ಅಂದಾಜು ನಿಜವಾಯಿತೇ ಎಂದು ಹೇಳಬಲ್ಲ ಪುರಾವೆ ಇರುವುದು ಮೆಟ್ಟಿಲ ಪಕ್ಕದ ಆ ಪುಟ್ಟ ಪರದೆಯಲ್ಲಿ. ಹಾಕಿಸುವ ದಿನ ಇಷ್ಟೊಂದು ಕಾಗದ ಕೇಳಿದ ವ್ಯವಸ್ಥೆ, ಹಾಕಿಸಿ ಎರಡು ವರ್ಷವಾದ ಮೇಲೆ “ಹೆಂಗ ನಡದದ?” ಎಂದು ಕೇಳಲು ಯಾರನ್ನೂ ಕಳಿಸುವುದಿಲ್ಲ.

ಊರಿನ ಮಟ್ಟದಲ್ಲೂ ಇದೇ ಕಥೆ. ಇದೇ ಯೋಜನೆಯಡಿ ಜಿಲ್ಲೆಗೊಂದು ಮಾದರಿ ಸೌರ ಗ್ರಾಮವನ್ನು ಆರಿಸುವ ಸ್ಪರ್ಧೆಯಿದೆ. ಮಾರ್ಗಸೂಚಿ ಬಂದದ್ದು 2024ರ ಆಗಸ್ಟ್‌ನಲ್ಲಿ. 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಕಂದಾಯ ಗ್ರಾಮಗಳು ಅರ್ಹ. ಗೆದ್ದ ಊರಿಗೆ ಒಂದು ಕೋಟಿ ರೂಪಾಯಿ. ದೋರನಹಳ್ಳಿಯಂಥ ದೊಡ್ಡ ಊರುಗಳು ಕಿವಿ ನಿಮಿರಿಸಬೇಕಾದ ಸುದ್ದಿ. ಜಿಲ್ಲಾ ಸಮಿತಿ ಊರುಗಳ ಪಟ್ಟಿ ಪ್ರಕಟಿಸಿದ ಆರು ತಿಂಗಳ ಮೇಲೆ, ಯಾವ ಊರಿನಲ್ಲಿ ಹೆಚ್ಚು ಸಾಮರ್ಥ್ಯದ ಘಟಕಗಳಿವೆ ಎಂದು ನೋಡಿ ಗೆದ್ದವರನ್ನು ತೀರ್ಮಾನಿಸುತ್ತಾರೆ. ಇದಲ್ಲದೆ ತನ್ನ ವ್ಯಾಪ್ತಿಯ ಪ್ರತಿ ಮಾಳಿಗೆ ಘಟಕಕ್ಕೆ ಪಂಚಾಯ್ತಿಗೆ 1,000 ರೂಪಾಯಿ ಪ್ರೋತ್ಸಾಹಧನವೂ ಇದೆ.

ಇಲ್ಲಿ ಅಳತೆ ಎಂದರೆ ಎಷ್ಟು ಕಿಲೋವಾಟ್ ಕೂರಿಸಿದರು ಎಂಬುದು. ಎಷ್ಟು ಯೂನಿಟ್ ಬಂತು ಎಂಬುದಲ್ಲ. ಯಾವುದನ್ನು ಅಳೆಯುತ್ತಾರೋ ಜನ ಅದನ್ನೇ ಮಾಡುತ್ತಾರೆ, ಇದು ಮನುಷ್ಯ ಸ್ವಭಾವ. ನಮ್ಮ ಹಳ್ಳಿಗಳಲ್ಲಿ ಸೋಲಾರ್ ಬೀದಿದೀಪದ ಕಂಬಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಿಲ್ಲಿಸಿದ ದಿನ ಫೋಟೊ ತೆಗೆದು ವರದಿ ಹೋಗಿರುತ್ತದೆ. ಬ್ಯಾಟರಿ ಕೆಟ್ಟ ದಿನ, ಬ್ಯಾಟರಿಯೇ ಕಾಣೆಯಾದ ದಿನ ಯಾವ ವರದಿಯೂ ಹೋಗುವುದಿಲ್ಲ. ಕಡತದಲ್ಲಿ ಆ ದೀಪ ಇವತ್ತಿಗೂ ಉರಿಯುತ್ತಿರುತ್ತದೆ. ಸ್ಪರ್ಧೆಯಲ್ಲಿ ಗೆದ್ದ ಊರನ್ನು ವರ್ಷ ಬಿಟ್ಟು ಮತ್ತೊಮ್ಮೆ ನೋಡಿ, ಉತ್ಪಾದನೆ ಲೆಕ್ಕ ಹಾಕಿ ಹಣದ ಕೊನೆಯ ಕಂತು ಬಿಡುಗಡೆ ಮಾಡಿದರೆ ಎಷ್ಟೋ ವಾಸಿ ಎನ್ನುವುದು ನನ್ನ ಅನಿಸಿಕೆ.

ಇದು ಆಗದ ಕೆಲಸವೇನಲ್ಲ. ಹೊಲದಲ್ಲಿ ಆಗಲೇ ನಡೆಯುತ್ತಿದೆ. ಕುಸುಮ್-ಬಿ ಯೋಜನೆಯಲ್ಲಿ ಸೋಲಾರ್ ಪಂಪ್‌ಸೆಟ್ ಹಾಕಿಸಿಕೊಂಡ ರೈತರು ಕಂಟ್ರೋಲರ್ ಪೆಟ್ಟಿಗೆಯ ಬಾಗಿಲು ತೆಗೆದು ನೋಡಿ. ಒಳಗೊಂದು ಸಿಮ್ ಕಾರ್ಡ್ ಇರುತ್ತದೆ. ಪಂಪ್ ಯಾವಾಗ ಓಡಿತು, ಎಷ್ಟು ಕರೆಂಟ್ ಮಾಡಿತು ಎಂದು ಅದು ತಾನಾಗಿಯೇ ದೂರದ ಸರ್ವರ್‌ಗೆ ಕಳಿಸುತ್ತಿರುತ್ತದೆ. ಈ ದೂರ ನಿಗಾ ವ್ಯವಸ್ಥೆ ಆ ಯೋಜನೆಯ ಷರತ್ತು. ಅಲ್ಲಿ ಕೇಂದ್ರ ಶೇ 30, ರಾಜ್ಯ ಶೇ 50 ಕೊಡುವುದರಿಂದ ಸರ್ಕಾರಕ್ಕೆ ಲೆಕ್ಕದ ಕಾಳಜಿ ಹೆಚ್ಚು. ರೈತ ಹಾಕುವುದು ಶೇ 20. ರೈತನಿಗೂ ಒಳ್ಳೆಯದೇ, ಅವನು ಏನನ್ನೂ ತುಂಬಿ ಕಳಿಸಬೇಕಿಲ್ಲ. ಆದರೆ ತನ್ನ ಪಂಪಿನ ಅಂಕಿಯನ್ನು ತಾನೇ ನೋಡುವುದು ಹೇಗೆಂದು ಎಷ್ಟು ರೈತರಿಗೆ ಹೇಳಿಕೊಟ್ಟಿದ್ದಾರೆ? ನಾನು ಕೇಳಿದವರಲ್ಲಿ ಹೆಚ್ಚಿನವರು ಸಿಮ್ ಇರುವುದನ್ನೇ ಅರಿಯರು. ಒಬ್ಬರಂತೂ, “ಅದು ಕಂಪನಿಯವರ ಫೋನ್ ಸಿಮ್ ಇರಬೇಕ್ರಿ, ಮರೆತು ಬಿಟ್ಟು ಹೋಗ್ಯಾರ,” ಎಂದರು.

ಇಲ್ಲೇ ಇನ್ನೊಂದು ಮಾತು. ಮನೆಯ ಕರೆಂಟಿನ ಗಂಟೆಗಂಟೆಯ ಅಂಕಿ ಎಂದರೆ ಮನೆಯ ದಿನಚರಿ. ಯಾವಾಗ ಮಂದಿ ಇರುತ್ತಾರೆ, ಯಾವ ವಾರ ಊರಲ್ಲಿಲ್ಲ, ಎಲ್ಲವೂ ಅದರಲ್ಲಿ ಗೊತ್ತಾಗುತ್ತದೆ. ವೈಯಕ್ತಿಕ ದತ್ತಾಂಶ ರಕ್ಷಣೆಗೆ 2023ರಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಅದರ ಮೂಲ ತತ್ವ ಸರಳ: ಯಾವ ಕೆಲಸಕ್ಕೆಂದು ಮಾಹಿತಿ ಪಡೆದರೋ ಆ ಕೆಲಸಕ್ಕೆ ಮಾತ್ರ ಬಳಸಬೇಕು. ತಿಂಗಳಿಗೊಂದು ಒಟ್ಟು ಅಂಕಿ ಸರ್ಕಾರದ ಲೆಕ್ಕಕ್ಕೆ ಸಾಕು. ಗಂಟೆಗಂಟೆಯ ವಿವರ ಮನೆಯವರ ಬಳಿ ಇದ್ದರೆ ಚೆಂದ.

ಮನಸ್ಸಿನಿಂದ ಸೇರಿದವರು ಯಾಕೆ ಲೆಕ್ಕ ಕೊಡಬೇಕು ಎಂಬ ಮೊದಲಿನ ತಕರಾರನ್ನು ಬೇರೆ ದೇಶದವರು ಹೇಗೆ ಬಗೆಹರಿಸಿಕೊಂಡರು ಎಂದು ನೋಡಿದರೆ ಅಮೆರಿಕದ ಉದಾಹರಣೆ ಕುತೂಹಲದ್ದು. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ 2001ರಲ್ಲಿ ಗ್ರೀನ್ ಪವರ್ ಪಾರ್ಟ್‌ನರ್‌ಶಿಪ್ ಎಂಬ ಕಾರ್ಯಕ್ರಮ ಶುರು ಮಾಡಿತು. ಕಂಪನಿಗಳು, ಕಾಲೇಜುಗಳು, ನಗರಸಭೆಗಳು ಮನಸ್ಸಿದ್ದರೆ ಸೇರಬಹುದು. ಸೇರಿದವರು ಒಟ್ಟು ಎಷ್ಟು ಕರೆಂಟ್ ಬಳಸಿದರು, ಅದರಲ್ಲಿ ಹಸಿರು ಮೂಲದ್ದೆಷ್ಟು ಎಂದು ವರ್ಷಕ್ಕೊಮ್ಮೆ ವರದಿ ಕೊಡಬೇಕು. ಹೀಗೆ ವರದಿ ಕೇಳುವ ಇಲಾಖೆಗೂ ಅಲ್ಲಿ ಮೂಗುದಾರವಿದೆ. 1980ರಲ್ಲಿ ಬಂದ ಕಾಗದಪತ್ರ ಕಡಿತ ಕಾಯ್ದೆಯ ಪ್ರಕಾರ ಸರ್ಕಾರದ ಯಾವುದೇ ಇಲಾಖೆ ಜನರಿಂದ ಮಾಹಿತಿ ಕೇಳುವ ಮೊದಲು ಅದು ಯಾಕೆ ಬೇಕು, ಅದನ್ನು ತುಂಬಲು ಜನರ ಎಷ್ಟು ಗಂಟೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಪ್ರಕಟಿಸಬೇಕು. ಮೊದಲು 60 ದಿನ, ಆಮೇಲೆ 30 ದಿನ ಜನರ ಅಭಿಪ್ರಾಯಕ್ಕೆ ಬಿಡಬೇಕು. ಒಪ್ಪಿಗೆ ಸಿಕ್ಕರೂ ಮೂರು ವರ್ಷಕ್ಕಿಂತ ಹೆಚ್ಚು ನಡೆಯುವುದಿಲ್ಲ, ಮತ್ತೆ ಕೇಳಬೇಕು. ಫಾರಂ ಮೇಲೆ ಒಪ್ಪಿಗೆಯ ಸಂಖ್ಯೆ ಇಲ್ಲದಿದ್ದರೆ ತುಂಬಲಿಲ್ಲವೆಂದು ಯಾರಿಗೂ ದಂಡ ಹಾಕುವಂತಿಲ್ಲ. ಮನಸ್ಸಿನಿಂದ ಸೇರುವ ಕಾರ್ಯಕ್ರಮಕ್ಕೂ ಇದೇ ಶಿಸ್ತು.

ಅಲ್ಲಿಯ ಕಾಯ್ದೆಯನ್ನು ಇಲ್ಲಿಗೆ ಎತ್ತಿ ತನ್ನಿ ಎಂದು ನಾನು ಹೇಳುತ್ತಿಲ್ಲ. ಆ ಕಾಯ್ದೆಯೂ ಕಾಗದ ಕಡಿಮೆ ಮಾಡಲು ಇನ್ನಷ್ಟು ಕಾಗದ ಹುಟ್ಟಿಸುತ್ತದೆ ಎಂದು ಅಲ್ಲಿಯವರೇ ಗೊಣಗುತ್ತಾರೆ. ಆದರೆ ಅದರ ಹಿಂದಿನ ಒಂದು ವಿಚಾರ ನನಗೆ ಹಿಡಿಸಿತು: ಜನರ ಸಮಯಕ್ಕೂ ಬೆಲೆ ಕಟ್ಟಿ ಕೇಳಬೇಕು. ನಮ್ಮಲ್ಲಿ ಒಂದು ದಾಖಲೆಗೆಂದು ದೋರನಹಳ್ಳಿಯಿಂದ ಶಹಾಪುರಕ್ಕೆ ಹೋಗಿ ಸರ್ವರ್ ಇಲ್ಲವೆಂದು ವಾಪಸ್ ಬಂದ ರೈತನ ಒಂದು ದಿನದ ಕೂಲಿ ಯಾವ ವರದಿಯಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಕರ್ನಾಟಕದಲ್ಲಿ ಗೃಹಜ್ಯೋತಿ ಇರುವಾಗ ಈ ಉಸಾಬರಿ ಯಾಕೆ? ಆ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ನಮ್ಮ ಕಲಬುರಗಿಯಲ್ಲೇ. ತಿಂಗಳಿಗೆ 200 ಯೂನಿಟ್ ಒಳಗಿನ ಮನೆಗಳಿಗೆ ಹಿಂದಿನ ಸರಾಸರಿಗೆ ತಕ್ಕಂತೆ ಬಿಲ್ಲು ಮಾಫಿ. ನೇರವಾಗಿ ಹೇಳುತ್ತೇನೆ, ಎರಡು ಬಲ್ಬು, ಒಂದು ಫ್ಯಾನು, ಒಂದು ಟಿವಿ ಇರುವ, ಸೊನ್ನೆ ಬಿಲ್ಲಿನ ಮನೆಯವರು ಸಾಲ ಮಾಡಿ ಪ್ಯಾನೆಲ್ ಹಾಕಿಸಿದರೆ ಕೈಗೆ ಬರುವ ಲಾಭ ಕಡಿಮೆ. ಬಿಲ್ಲು ಮಿತಿ ದಾಟುವ ಮನೆ, ಕೂಡುಕುಟುಂಬ, ಮನೆಯಲ್ಲೇ ಚಿಕ್ಕ ವ್ಯಾಪಾರ ಇಟ್ಟವರು ಯೋಚಿಸಲಿ. ಇದನ್ನು ಹೇಳಲಿಕ್ಕೂ ಮತ್ತೆ ಲೆಕ್ಕವೇ ಬೇಕು. ಊರಿನಲ್ಲಿ ಹಾಕಿಸಿಕೊಂಡವರಿಗೆ ನಿಜಕ್ಕೂ ಎಷ್ಟು ಉಳಿಯಿತು ಎಂಬ ಅಂಕಿ ಪಂಚಾಯ್ತಿ ಗೋಡೆಯ ಮೇಲಿದ್ದರೆ ವೆಂಡರ್‌ನ ಬಣ್ಣದ ಕರಪತ್ರ ನಂಬುವ ಪ್ರಸಂಗ ಬರುತ್ತಿರಲಿಲ್ಲ.

ಹಾಕಿಸಿಕೊಂಡವರು ತಾವೇ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮೀಟರ್ ರೀಡರ್ ಬಂದ ದಿನ ಇನ್ವರ್ಟರ್‌ನ ಒಟ್ಟು ಅಂಕಿಯನ್ನು ಬಿಲ್ಲಿನ ಹಿಂದೆ ಬರೆದಿಡಿ. ಮುಂದಿನ ತಿಂಗಳು ಅದರಿಂದ ಇದನ್ನು ಕಳೆದರೆ ತಿಂಗಳ ಉತ್ಪಾದನೆ ಸಿಗುತ್ತದೆ. ಮಳೆಗಾಲ ಬಿಟ್ಟು ಬೇರೆ ತಿಂಗಳಲ್ಲಿ ದಿನಕ್ಕೆ ಕಿಲೋವಾಟಿಗೆ ಮೂರೂವರೆಗಿಂತ ಕೆಳಗೆ ಬಂದರೆ ಮೊದಲು ಧೂಳು ಒರೆಸಿ, ಆಮೇಲೂ ಏರದಿದ್ದರೆ ವೆಂಡರ್‌ನನ್ನು ಕರೆಸಿ. ಐದು ವರ್ಷ ನಿರ್ವಹಣೆ ಮಾಡಿಕೊಡುವುದು ಅವನ ಹೊಣೆ. ಆ ಕಾಗದ, ಪ್ಯಾನೆಲ್ ಮತ್ತು ಇನ್ವರ್ಟರ್‌ನ ವಾರಂಟಿ ಕಾಗದ ನಿಮ್ಮ ಟ್ರಂಕಿನಲ್ಲಿರಲಿ. ಇನ್ವರ್ಟರ್ ಆ್ಯಪಿನ ಪಾಸ್‌ವರ್ಡ್ ನಿಮ್ಮ ಹೆಸರಿನಲ್ಲಿ, ನಿಮ್ಮ ಮೊಬೈಲ್ ನಂಬರಿಗೆ ಮಾಡಿಸಿಕೊಳ್ಳಿ. ಎಷ್ಟೋ ಮನೆಗಳ ಆ್ಯಪ್ ಕೂರಿಸಲು ಬಂದ ಹುಡುಗನ ಫೋನಿನಲ್ಲೇ ಉಳಿದಿರುತ್ತದೆ, ಅವನು ಕೆಲಸ ಬಿಟ್ಟು ಪುಣೆಗೋ ಹೈದರಾಬಾದಿಗೋ ಹೋದ ಮೇಲೆ ನಿಮ್ಮ ಮಾಳಿಗೆಯ ಲೆಕ್ಕವೂ ಅವನ ಜೊತೆ ಹೋಗುತ್ತದೆ.

ಪಂಚಾಯ್ತಿಯ ಕೆಲಸ ಇನ್ನೂ ಸುಲಭ. ಉದ್ಯೋಗ ಖಾತ್ರಿ ಕಾಮಗಾರಿಯ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದ್ದು ನಮ್ಮ ಜನ ಕೇಳಿದ್ದಾರೆ. ಅದೇ ಸಭೆಯಲ್ಲಿ ವರ್ಷಕ್ಕೊಮ್ಮೆ ಸೋಲಾರಿನ ಒಂದು ಹಾಳೆ ಓದಲಿ: ಊರಿನಲ್ಲಿ ಎಷ್ಟು ಮಾಳಿಗೆ, ಎಷ್ಟು ಕಿಲೋವಾಟ್, ಅದರಲ್ಲಿ ಚಾಲೂ ಇರುವುದೆಷ್ಟು, ನಿಂತದ್ದೆಷ್ಟು, ಸಬ್ಸಿಡಿ ಬಾರದೆ ಉಳಿದವರೆಷ್ಟು ಮಂದಿ, ಬೀದಿದೀಪ ಉರಿಯುವುದೆಷ್ಟು. ಯಾರ ಮನೆಯ ಹೆಸರೂ ಬೇಡ, ಒಟ್ಟು ಅಂಕಿ ಸಾಕು. ಕೇಂದ್ರದ ಪೋರ್ಟಲ್‌ನಲ್ಲೂ ಜೆಸ್ಕಾಂ ಕಡತದಲ್ಲೂ ಇರುವ ಮಾಹಿತಿಯೇ ಇದರ ಬಹುಪಾಲು. ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಸೆಕ್ಷನ್ ಸರ್ಕಾರಿ ಕಚೇರಿಗಳು ಜನ ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕೆಂದು 2005ರಿಂದ ಹೇಳುತ್ತಲೇ ಇದೆ.

ಹಾಗಾಗಿ ಆ ಹತ್ತಿ ವ್ಯಾಪಾರಿಗಳಿಗೆ ನನ್ನ ಉತ್ತರ ಇಷ್ಟು. ಕಾಗದ ಕೊಡಿ, ಸಬ್ಸಿಡಿ ಪಡೆದದ್ದಕ್ಕೆ ಅದು ನ್ಯಾಯ. ಕೊಡುವಾಗ ಮೂರು ಪ್ರಶ್ನೆ ಕೇಳಿ: ಇದು ಯಾಕೆ ಬೇಕು, ಯಾರು ನೋಡುತ್ತಾರೆ, ಇದರ ಒಟ್ಟು ಲೆಕ್ಕ ನಮ್ಮ ಊರಿಗೆ ಯಾವಾಗ ಹೇಳುತ್ತೀರಿ? ಮೊದಲ ಎರಡಕ್ಕೆ ಉತ್ತರ ಕೌಂಟರಿನಲ್ಲೇ ಸಿಗಬೇಕು. ಮೂರನೆಯದಕ್ಕೆ ಸಿಗದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಮನಸ್ಸಿನಿಂದ ಸೇರಿದವರಿಗೆ ಹೀಗೆ ಕೇಳುವ ಹಕ್ಕು ಉಳಿದವರಿಗಿಂತ ಒಂದು ತೂಕ ಹೆಚ್ಚೇ ಇದೆ.